ಅಣ್ಣನ ಬಲಗಣ್ಣು

ನಮ್ಮ ಮನೆಗೆ ಕಾಯಿಲೆ ಎಂದೂ ಒಂಟಿಯಾಗಿ ಬಂದದ್ದಿಲ್ಲ. ನಗುವ ಸಂಗತಿ ಒಂದೆರಡನ್ನು ಕರೆದುಕೊಂಡೇ ಬರುತ್ತದೆ. ಕಂಪ್ಲಿಯಲ್ಲಿ ಭತ್ತ ಬೆಳೆಯುವ ನಮ್ಮಣ್ಣನ ಬಲಗಣ್ಣು ಹೋಗುವುದರಲ್ಲಿದ್ದಾಗಲೂ ಹಾಗೇ ಆಯಿತು.

ಬೆಳಕು

ಒಂದು ಮುಂಜಾನೆ ಅಣ್ಣ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ನೋಡುತ್ತ ಕುಳಿತಿದ್ದಾಗ ಕಣ್ಣಂಚಿನಲ್ಲಿ ಫಳ್ಳನೆ ಮಿಂಚಿತಂತೆ. ಕಣ್ಣು ಮುಚ್ಚಿದರೂ ಮಿಂಚು. ಪೂಜೆ ಫಲಿಸಿತೆಂದು ಅವನು ಮನೆಮಂದಿಯನ್ನೆಲ್ಲ ಕೂಗಿ ಕರೆದ. ನಾನೂ ಕೈಮುಗಿದೆ. ಓಣಿಯವರು ಬಂದು ಕಾಲಿಗೆ ಬಿದ್ದರು. ಅತ್ತಿಗೆಯೂ ದೈವಭಕ್ತೆಯೇ. ಆದರೆ ಅವರು ರೊಟ್ಟಿ ಬಡಿಯುತ್ತಲೇ ಕೇಳಿದರು:

“ಏನ್ರೀ, ಬೆಳಕು ಎರಡೂ ಕಣ್ಣಿಗೆ ಕಾಣ್ತದೇನು?”

“ಇಲ್ಲ, ಬಲಗಣ್ಣಿಗಷ್ಟ.”

“ದೇವ್ರಿಗೆ ಎಡಗಣ್ಣಿನ ಮ್ಯಾಲೆ ಏನ್ ಸಿಟ್ಟು?”

ಸುಣ್ಣ

ಮರುದಿನ ಆ ಕಣ್ಣಲ್ಲಿ ಕರಿ ಚುಕ್ಕಿಗಳು ಹಾರಾಡಿದವು. ಆಮೇಲೆ ಪಕ್ಕದಿಂದ ಕರಿ ಪರದೆ ಸರಿಯತೊಡಗಿತು. “ನೋವಿಲ್ಲಲ್ಲ, ಸೋಮವಾರ ಹೋದ್ರಾತು,” ಅಂದ ಅಣ್ಣ. ಅತ್ತಿಗೆ ಹಿಟ್ಟಿನ ಕೈ ತೊಳೆದು ಅವನನ್ನು ಹೊಸಪೇಟೆ ಬಸ್ಸಿಗೆ ಹತ್ತಿಸಿದರು. ನಾನೂ ಹಿಂದೆ ಓಡಿದೆ.

ಕಣ್ಣಿನ ಡಾಕ್ಟರು ನೋಡಿ, “ಒಳಗಿನ ರೆಟಿನಾ ಪದರ ಹರಿದು ಹಿಂಗೋಡೆಯಿಂದ ಕಳಚ್ತಾ ಇದೆ. ನಡುವಿನ ನೋಟ ಇನ್ನೂ ಉಳಿದಿದೆ, ತಡ ಮಾಡಿದ್ರೆ ಅದೂ ಹೋಗುತ್ತೆ. ನೋವಿಲ್ಲ ಅಂತಲೇ ಜನ ಮೋಸ ಹೋಗ್ತಾರೆ. ಇವತ್ತೇ ದೊಡ್ಡಾಸ್ಪತ್ರೆಗೆ ಹೋಗಿ ಆಪರೇಷನ್ ಮಾಡಿಸ್ಕೊಳ್ಳಿ,” ಅಂದರು.

ಅಣ್ಣ ಮೆಲ್ಲಗೆ, “ಡ್ರಾಪ್ಸ್‌ನಾಗ ಆಗಂಗಿಲ್ಲೇನ್ರಿ?” ಅಂದ.

ಡಾಕ್ಟರು ಬಾಯಿ ತೆರೆಯುವ ಮೊದಲೇ ಅತ್ತಿಗೆ: “ಗ್ವಾಡಿ ಸುಣ್ಣ ಉದುರಿದ್ರ ಡ್ರಾಪ್ಸ್ ಹಾಕ್ತೀರೇನ್ರಿ?”

ಮಂಚದ ಕೆಳಗೆ

ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಮಾಡಿ, ಪದರ ಒತ್ತಿ ಹಿಡಿಯಲೆಂದು ಕಣ್ಣೊಳಗೆ ಗ್ಯಾಸ್ ತುಂಬಿ, ಕೆಲವು ದಿನ ಬೋರಲಾಗಿಯೇ ಇರಬೇಕೆಂದು ಹೇಳಿ ಕಳಿಸಿದರು. ಅಣ್ಣ ಮಂಚದಂಚಿನಿಂದ ಮುಖ ಹೊರಚಾಚಿ ನೆಲ ನೋಡುತ್ತ ಮಲಗಿದ. ನಮ್ಮ ಕಡೆ ರೋಗಿಯ ಮುಖ ನೋಡಿ ಮಾತಾಡಿಸದೆ ಯಾರೂ ಎದ್ದು ಹೋಗುವುದಿಲ್ಲ. ಏನು ಮಾಡಿದರೂ ಅಣ್ಣ ತಲೆ ಎತ್ತಕೂಡದೆಂದು ಅತ್ತಿಗೆ ಕೆಳಗೆ ಚಾಪೆ, ದಿಂಬು ಹಾಸಿಬಿಟ್ಟರು. ಬಂದವರೆಲ್ಲ ಅಂಗಾತ ಮಲಗಿ, ಸರಿದು ಅಣ್ಣನ ಮುಖದ ಕೆಳಗೆ ಬಂದು, “ಹ್ಯಾಂಗದೀಯಪ್ಪ?” ಅನ್ನುವರು.

ಸೋದರಮಾವ ಹೀಗೇ ಮಾತಾಡಿಸುತ್ತ ಅಲ್ಲೇ ಗೊರಕೆ ಹೊಡೆದರು. ಹೊರಗೆ ಇನ್ನೂ ನಾಲ್ಕು ಜನ ಕಾಯುತ್ತಿದ್ದರು. ಅಣ್ಣ ಪಿಸುಗುಟ್ಟಿದ: “ಮಾವಗ ಏನರ ಹೊದಸ್ರಿ, ಥಂಡಿ ಹತ್ತೀತು.”

ಡ್ಯಾಮು

ಬೋರಲು ಮಲಗುವುದು ಮುಗಿದು ಎದ್ದು ಕೂತರೂ, ಕಣ್ಣು ಉಳಿಯಿತೋ ಇಲ್ಲವೋ ತಿಳಿದಿರಲಿಲ್ಲ. ಗ್ಯಾಸು ಕರಗಿದಂತೆ ಮೇಲಿನಿಂದ ತಿಳಿಯಾಗುತ್ತ ಬರುತ್ತದೆಂದು ಡಾಕ್ಟರು ಹೇಳಿದ್ದರು. ಅಣ್ಣನಿಗೆ ಅದು ನೀರು ತುಂಬಿದಂತೆ ತುಳುಕುತ್ತ ಕಾಣುತ್ತಿತ್ತು. ಜೀವಮಾನವೆಲ್ಲ ತುಂಗಭದ್ರೆಯ ಡ್ಯಾಮಿನ ಮಟ್ಟ ಕೇಳಿ ನಾಟಿ ಮಾಡಿದವನು. ದಿನಾ ಎಡಗಣ್ಣು ಮುಚ್ಚಿಕೊಂಡು ಎದುರು ಕೂತ ಅತ್ತಿಗೆಗೆ ವರದಿ ಕೊಡುವನು:

“ಇವತ್ತು ನೀರು ಅರ್ಧಕ್ಕ ಇಳದೈತಿ. ಮ್ಯಾಲೆ ನಿನ್ನ ಹಣಿ ಕಾಣ್ತದ.”

ಅತ್ತಿಗೆ ಹಣೆಯ ವಿಭೂತಿ ಸರಿಮಾಡಿಕೊಳ್ಳುವರು. ಆಮೇಲೆ ಮೂಗು ಕಂಡಿತು. ಒಂದು ಬೆಳಿಗ್ಗೆ, “ಪೂರಾ ಖಾಲಿ! ನಿನ್ನ ಗದ್ದನೂ ಕಾಣ್ತದ. ಯಾಕ ಅಳ್ತೀಯಲೇ?” ಎಂದು ಕೂಗಿದ.

ಅಂದು ಇಡೀ ಓಣಿಗೆ ಪೇಡೆ ಹಂಚಿದ. ಡ್ಯಾಮು ಖಾಲಿಯಾಯಿತೆಂದು ಪೇಡೆ ಹಂಚಿದ ರೈತ ಕಂಪ್ಲಿ ಸೀಮೆಯಲ್ಲಿ ಇವನೊಬ್ಬನೇ.