ಟರ್ಬೊ ಗಾಡಿಗೆ ಸಲೈನ್

ಬೈಲಹೊಂಗಲದಲ್ಲಿ ಎಷ್ಟೋ ಗಾಡಿಗಳಿವೆ. ಸುಮ್ಮನೆ ಹೋಗುತ್ತವೆ, ಸುಮ್ಮನೆ ಬರುತ್ತವೆ. ನಾನು ಸ್ಟೇರಿಂಗ್ ಹಿಡಿದರೆ ಮಾತ್ರ ಏನಾದರೊಂದು ಆಗಲೇಬೇಕು. ಇದಕ್ಕೆ ಕಾರಣ ನನ್ನ ಡ್ರೈವಿಂಗ್ ಅಲ್ಲ. ನನ್ನಷ್ಟು ಚಂದ ಗೇರು ಬದಲಿಸುವವರು ಈ ನಾಲ್ಕು ತಾಲೂಕಿನಲ್ಲಿ ಹುಟ್ಟಿಲ್ಲ. ಈ ಮಾತನ್ನು ನಾನೇ ಹೇಳಬೇಕಾಗಿದೆ, ಯಾಕೆಂದರೆ ಬೇರೆ ಯಾರೂ ಹೇಳುತ್ತಿಲ್ಲ.

ಮೊಬೈಲು ಇನ್ನೂ ಎಲ್ಲರ ಕಿಸೆಗೆ ಬಂದಿರದ ಕಾಲ. ನಾನೊಂದು ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ತಂದೆ. ಹಿಂದೆ ‘ಟರ್ಬೊ’ ಎಂದು ಸಣ್ಣಗೆ ಬರೆದಿತ್ತು. ಪೇಂಟರನ್ನು ಕರೆಸಿ ಅದನ್ನು ದೊಡ್ಡದು ಮಾಡಿಸಿದೆ. ಕೇಳಿದವರಿಗೂ ಕೇಳದವರಿಗೂ ಒಂದೇ ಮಾತು: “ಈ ಗಾಡಿಗೆ ಏರು ಅಂದ್ರ ಏನಂತ ಗೊತ್ತಿಲ್ಲ!”

೧. ಕಿತ್ತೂರಿನ ಏರು

ನಮಗೊಬ್ಬಳೇ ಮಗಳು. ರಾಮದುರ್ಗಕ್ಕೆ ಕೊಟ್ಟಿದ್ದೇವೆ. ಆಗ ಅವಳು ಆರು ತಿಂಗಳ ಬಸುರಿ. ನಮ್ಮ ಮನೆಗೆ ಬಂದಿದ್ದ ಬೀಗರನ್ನೂ ಬೀಗತಿಯನ್ನೂ ಕಿತ್ತೂರಿನ ಕೋಟೆ ತೋರಿಸಲು ನನ್ನ ಗಾಡಿಯಲ್ಲೇ ಕರೆದೊಯ್ದೆ. ದಾರಿಯ ಏರಿನಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಅಡ್ಡವಾಯಿತು. ಹಾರ್ನ್ ಹೊಡೆದು, ಅದನ್ನು ದಾಟಿ, ಬೀಗತಿಯ ಕಡೆ ತಿರುಗಿ ಮೀಸೆ ಮೇಲೆ ಕೈ ಆಡಿಸಿದೆ. ಅಷ್ಟರಲ್ಲಿ ಗಾಡಿ ಎರಡು ಸಲ ಕೆಮ್ಮಿ, ಉಸಿರು ಬಿಟ್ಟು ನಿಂತೇ ಬಿಟ್ಟಿತು.

ಹಿಂದಿನಿಂದ ಟ್ರ್ಯಾಕ್ಟರು ಗಡಗಡ ಬಂತು. ಡ್ರೈವರು ಮೇಲಿನಿಂದ ಬಗ್ಗಿ ಕೇಳಿದ: “ಯಾಕ್ರಿ ಸಾವ್ಕಾರ್ರ, ಹಾರ್ನ್ ಹೊಡದ ಹೊಡದ ಡೀಸಲ್ ತೀರತೇನು?”

ಹತ್ತು ನಿಮಿಷ ಬಿಟ್ಟು ಗಾಡಿ ತಾನಾಗಿ ಚಾಲೂ ಆಯಿತು. ಬೀಗತಿಯ ಬಾಯಿಯೂ ಚಾಲೂ ಆಯಿತು.

“ಬೀಗರ, ಮುಂದಿನ ತಿಂಗಳ ಕುಬಸ ಮಾಡಿ ಮಗಳನ್ನ ಹೆರಿಗಿಗೆ ಕರಕೊಂಡು ಹೋಗಾಕ ಬರತೀರಲ್ಲ, ಇದ ಗಾಡ್ಯಾಗೇನು?”

“ಇದರಾಗ ಮತ್ತ!”

“ಹಂಗಾರ ಹೆರಿಗಿ ನಮ್ಮಲ್ಲೇ ಆಗಲಿ ಬಿಡ್ರಿ. ನಡುದಾರ್ಯಾಗ ನಿಲ್ಲೋ ಗಾಡ್ಯಾಗ ಬಸರ ಹೆಣ್ಣಮಗಳನ್ನ ಕಳಸಾಕ ಬರೂದಿಲ್ಲ.”

“ಎಲ್ಲೂ ನಿಲ್ಲಲಾರದ ನಿಮ್ಮ ಅಂಗಳಕ್ಕ ಬರತೇನಿ, ನೋಡ್ರಿ ಬೇಕಾರ!” ಎಂದೆ.

ಮನೆಗೆ ಬಂದ ಮೇಲೆ ಹೆಂಡತಿ ಹಿಡಿದುಕೊಂಡಳು: “ಚೊಚ್ಚಲ ಹೆರಿಗಿ ತವರಮನ್ಯಾಗ ಆಗಲಿಲ್ಲಂದ್ರ ಓಣ್ಯಾಗ ನಾ ಹೆಂಗ ಮಾರಿ ತೋರಸಲಿ? ಮೊದಲ ಆ ಗಾಡಿ ರಿಪೇರಿ ಮಾಡಸ್ರಿ. ನಿಮ್ಮ ಬಾಯಿಗಂತೂ ಎಲ್ಲೂ ಗ್ಯಾರೇಜ್ ಇಲ್ಲ.”

೨. ಊರಿಗೊಂದು ರೋಗ

ಅಂದಿನಿಂದ ನನಗೆ ಊಟ ಸೇರಲಿಲ್ಲ. ಬೈಲಹೊಂಗಲದ ಮಿಸ್ತ್ರಿ ಬಾನೆಟ್ ಎತ್ತಿ ಬಹಳ ಹೊತ್ತು ನೋಡಿ, “ಟರ್ಬೊ ಹೋಗೇತ್ರಿ, ಕಿತ್ತ ಒಗದು ಸಾದಾ ಮಾಡೂನು” ಎಂದ. ಹಿಂದೆ ಅಷ್ಟು ದೊಡ್ಡದಾಗಿ ಬರೆಸಿದ್ದನ್ನು ಏನು ಮಾಡುವುದು? ವಾಪಸು ಬಂದೆ. ಕಿತ್ತೂರಿನವನು ಟ್ಯಾಂಕಿನಲ್ಲಿ ಕಸ ಎಂದು ಟ್ಯಾಂಕ್ ತೊಳೆದು, ಹೊಸ ಫಿಲ್ಟರ್ ಹಾಕಿದ. ಮಗ್ಗುಲ ಮನೆಯ ಕಂಪೌಂಡರು ಬಂದು ಎಂಜಿನ್ನಿಗೆ ಕಿವಿ ಕೊಟ್ಟು, “ದಮ್ಮಿನ ತ್ರಾಸು” ಎಂದರು. ಗಾಡಿಯೋ, ಮಿಸ್ತ್ರಿಗಳ ಮುಂದೆ ಕನ್ಯೆ ನೋಡಲು ಬಂದವರೆದುರು ಕೂತ ಹುಡುಗಿಯಂತೆ ತಣ್ಣಗೆ ಗುನುಗುತ್ತಿತ್ತು. ಏರು ಬಂತೆಂದರೆ ಮತ್ತೆ ಅದೇ ಕೆಮ್ಮು.

ಕುಬಸಕ್ಕೆ, ಅಂದರೆ ಮಗಳ ಸೀಮಂತಕ್ಕೆ, ಎರಡೇ ದಿನ ಉಳಿದಾಗ ಸವದತ್ತಿಯ ಒಬ್ಬ ವಯಸ್ಸಾದ ಮಿಸ್ತ್ರಿಯ ಹತ್ತಿರ ಹೋದೆ. ಆತ ಬಾನೆಟ್ಟನ್ನೇ ಎತ್ತಲಿಲ್ಲ. ಪಕ್ಕದಲ್ಲಿ ಕೂತು, “ಗುಡ್ಡಕ್ಕ ನಡೀರಿ” ಎಂದ. ಉಗರಗೋಳ ದಾಟಿ ಎಲ್ಲಮ್ಮನ ಗುಡ್ಡ ಹತ್ತುವಾಗ ಗಾಡಿ ಅರ್ಧಕ್ಕೇ ನಿಂತಿತು. ಗಾಡಿ ನಿಂತದ್ದಕ್ಕೆ ಜೀವನದಲ್ಲಿ ಅದೊಂದೇ ಸಲ ನಾನು ಖುಷಿಪಟ್ಟಿದ್ದು. ಮಿಸ್ತ್ರಿ ಇಳಿದು ಫಿಲ್ಟರ್ ಮೇಲಿನ ಕೈಪಂಪನ್ನು ಒತ್ತಿದ. ಗಾಡಿ ಚಾಲೂ ಆಗಿ ನಾಲ್ಕು ಮಾರು ಹೋಗಿ ಮತ್ತೆ ನಿಂತಿತು.

“ಮಾಲಕ್ರ, ಟರ್ಬೊ ಅಂದ್ರ ಹಸದ ಪೈಲ್ವಾನ. ಏರಿನ್ಯಾಗ ಅಂವಗ ಹೆಚ್ಚಿಗಿ ಡೀಸಲ್ ಬೇಕು. ಟ್ಯಾಂಕಿನಿಂದ ಅದನ್ನ ಎಳದು ನೀಡೂ ಪಂಪ್ ಮುದಕಿ ಆಗೇತಿ, ಅದರ ಕೈಲೆ ಆಗವಲ್ದು. ಟರ್ಬೊಂದೇನೂ ತಪ್ಪಿಲ್ಲ.”

“ಇಷ್ಟು ದಿನ ಯಾರೂ ಹೇಳಲಿಲ್ಲಲ್ಲೋ ಮಾರಾಯಾ!”

“ಏರಿನ್ಯಾಗಷ್ಟ ನಿಲ್ಲತೈತಿ ಅಂತ ನೀವು ಅವರಿಗೆ ಹೇಳಿದ್ರೇನು?”

ಹೇಗೆ ಹೇಳಲಿ? ಈ ಗಾಡಿಗೆ ಏರು ಅಂದರೆ ಏನಂತ ಗೊತ್ತಿಲ್ಲ ಎಂದು ಮೊದಲು ಕೊಚ್ಚಿಕೊಂಡಿದ್ದೇ ಆ ಮಿಸ್ತ್ರಿಗಳ ಮುಂದೆ.

೩. ಅಡ್ಮಿಟ್

ಹೊಸ ಪಂಪು ಹುಬ್ಬಳ್ಳಿಯಿಂದ ಬರಲು ನಾಲ್ಕು ದಿನ. ಕುಬಸ ನಾಡಿದ್ದು. ಮಿಸ್ತ್ರಿ ಖಾಲಿ ಅಡಿಗೆ ಎಣ್ಣೆ ಡಬ್ಬಿಯೊಂದನ್ನು ತೊಳೆದು, ಡೀಸೆಲ್ ತುಂಬಿ, ಟಾಪಿನ ಕ್ಯಾರಿಯರಿಗೆ ಬಿಗಿದ. ಅದರಿಂದ ಒಂದು ಪೈಪನ್ನು ಬಾನೆಟ್ಟಿನ ಸಂದಿಯಲ್ಲಿ ಇಳಿಸಿ ನೇರ ಫಿಲ್ಟರಿಗೆ ಜೋಡಿಸಿದ.

“ಈಗ ಪಂಪಿನ ಕೆಲಸನ ಇಲ್ಲ, ಮ್ಯಾಲಿಂದ ತಾನ ಇಳೀತೈತಿ. ಗಾಡಿ ನಿಲ್ಲಲಿಲ್ಲಂದ್ರ ರೋಗ ಪಂಪಿಂದ ಅನ್ನೂದು ಪಕ್ಕಾ.”

ಮತ್ತೆ ಗುಡ್ಡ ಹತ್ತಿಸಿದೆವು. ಎಲ್ಲಿಯೂ ನಿಲ್ಲಲಿಲ್ಲ! ಮೇಲೆ ಕಾಯಿ ಮಾರುತ್ತಿದ್ದ ಮುದುಕಿಯೊಬ್ಬಳು ಡಬ್ಬಿ ನೋಡಿದಳು, ಇಳಿದು ಬಂದ ಪೈಪು ನೋಡಿದಳು, ಕೊನೆಗೆ ನನ್ನ ಮುಖ ನೋಡಿ ಕೇಳಿದಳು: “ಸಲೈನ್ ಹಚ್ಚೀರಲ್ಲೋ ಯಪ್ಪಾ, ದವಾಖಾನ್ಯಾಗ ಜಾಗಾ ಸಿಗಲಿಲ್ಲೇನು?”

೪. ದೊಡ್ಡ ಮನಸ್ಸಿನ ಬೀಗರು

ಕುಬಸದ ದಿನ ಟಾಪಿನ ಮೇಲೆ ಡಬ್ಬಿ, ಅದರ ಸುತ್ತ ಬೀಗರ ಮನೆಗೆ ಒಯ್ಯುವ ಬುತ್ತಿಯ ಬುಟ್ಟಿಗಳು: ರೊಟ್ಟಿ, ಹೋಳಿಗೆ, ಕರಚಿಕಾಯಿ, ಶೇಂಗಾ ಉಂಡಿ. ದಾರಿಯುದ್ದಕ್ಕೂ ಹೆಂಡತಿ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಡಬ್ಬಿ ನೋಡಿದಳು. ಒಂದೊಂದು ಏರು ಬಂದಾಗಲೂ ಇಬ್ಬರೂ ಉಸಿರು ಹಿಡಿದೆವು. ಗಾಡಿಯ ಉಸಿರು ಹೋಗುವ ಮೊದಲು ನಮ್ಮದೇ ಹೋಗುವಂತಿತ್ತು. ಆದರೂ ಎಲ್ಲೂ ನಿಲ್ಲದೆ ರಾಮದುರ್ಗ ಮುಟ್ಟಿದೆವು. ಬೀಗರ ಅಂಗಳದಲ್ಲಿ ನಿಂತು ಬೇಕೆಂದೇ ಮೂರು ಸಲ ಹಾರ್ನ್ ಹೊಡೆದೆ.

“ಭಲೇ ಬೀಗರ!” ಎಂದರು ಬೀಗರು. ಕುಬಸ ಚಂದಾಗಿ ಆಯಿತು. ಊಟಕ್ಕೆ ಕೂತು, “ಟರ್ಬೊ ಅಂದ್ರ ಸಾಮಾನ್ಯ ಅಲ್ರಿ...” ಎಂದು ಸುರು ಮಾಡಿದೆ. ಎರಡನೆಯ ಹೋಳಿಗೆ ಬಾಯಲ್ಲಿತ್ತು. ಒಳಗಿನಿಂದ ಬೀಗತಿಯ ದನಿ ಕೇಳಿತು.

“ನಮ್ಮ ಬೀಗರದು ಎಷ್ಟ ದೊಡ್ಡ ಮನಸ್ಸು ನೋಡ್ರೆವ್ವಾ! ಬುತ್ತಿ ಜೋಡಿ ಒಂದು ಡಬ್ಬಿ ಎಣ್ಣಿನೂ ತಂದಾರ. ಏ, ಒಲಿ ಹಚ್ಚ, ಇದರಾಗ ಹಪ್ಪಳಾ ಕರಿಯೂನು!”

ಬುತ್ತಿ ಬಂದರೆ ಮನೆಯ ಹೆಣ್ಣುಮಕ್ಕಳೇ ಇಳಿಸಿಕೊಳ್ಳುವುದು ಪದ್ಧತಿ. ಮೇಲಿದ್ದದ್ದನ್ನೆಲ್ಲ ಒಂದೂ ಬಿಡದೆ ಇಳಿಸಿಕೊಂಡಿದ್ದರು. ನಾನು ಎಲೆ ಬಿಟ್ಟು ಓಡಿದೆ. ಕುಂಕುಮ ಹಚ್ಚಿಸಿಕೊಂಡು ಕೂತಿತ್ತು ನನ್ನ ಡಬ್ಬಿ. ಎರಡೂ ಕೈಯಿಂದ ಅದನ್ನು ಅಪ್ಪಿಕೊಂಡೆ.

ಬೀಗತಿ ಬಾಣಲೆ ಹಿಡಿದು ದಂಗಾಗಿ ನಿಂತಳು. “ಯಾಕ್ರಿ ಬೀಗರ, ತಂದ ಎಣ್ಣಿ ತಿರುಗಿ ಒಯ್ತೀರೇನು?”

“ಒಲಿ ಹಚ್ಚಬ್ಯಾಡ್ರಿ! ಇದು ಡೀಸಲ್ ಐತಿ! ಪೈಪ್ ಎಲ್ಲಿ ಐತಿ, ಪೈಪ?”

“ಅದು ಡಬ್ಬಿ ಕಟ್ಟಿದ ಹಗ್ಗ ಅಂತ ಮೂರು ತುಂಡು ಕೊಯ್ದು ಒಗದೇವಲ್ರಿ!”

೫. ಯಾರಿಗೆ ಬಾಣಂತನ

ಎಲ್ಲವನ್ನೂ ಹೇಳಲೇಬೇಕಾಯಿತು. ಪಂಪು, ಗುಡ್ಡ, ಸಲೈನ್, ಒಂದೂ ಬಿಡಲಿಲ್ಲ. ಬೀಗತಿಯ ಮುಖ ಗಂಟಾಯಿತು. “ಸೊಸಿನ್ನ ಕಳಸಂಗಿಲ್ರಿ” ಎಂದಳು. ನನ್ನ ಹೆಂಡತಿ ಸೆರಗು ಕಣ್ಣಿಗೆ ಒಯ್ದಳು. ನಾನು ಡಬ್ಬಿಯನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡೆ.

ಆಗ ಹಸಿರು ಸೀರೆಯಲ್ಲಿ ಕೂತಿದ್ದ ಮಗಳು ಮೆಲ್ಲಗೆ ಹೇಳಿದಳು: “ಅತ್ತಿ, ನಮ್ಮಪ್ಪ ಗಾಡಿಗೆ ಸಲೈನ್ ಹಚ್ಚಿಕೊಂಡಾದ್ರೂ ನನ್ನ ಕರ್ಯಾಕ ಬಂದಾನ್ರಿ. ಇನ್ನೇನ ಮಾಡಬೇಕಿತ್ತ ಅಂವ?”

ಬೀಗತಿ ನಗು ತಡೆಯಲಾಗದೆ ಬಾಣಲೆ ಕೆಳಗಿಟ್ಟಳು.

“ಆತು, ಸೊಸಿ ಹೋಗಲಿ. ಗಾಡಿ ಮಾತ್ರ ಕಳಸಂಗಿಲ್ಲ.”

ಬೀಗರ ಅಣ್ಣನ ಹಳೆಯ ಕಾರಿನಲ್ಲಿ ಮಗಳನ್ನು ಕರೆತಂದೆವು. ಟರ್ಬೊ ಹೆಸರನ್ನೇ ಕೇಳಿರದ ಆ ಕಾರು ಒಂದು ಸಲವೂ ಕೆಮ್ಮಲಿಲ್ಲ. ಅದು ನನಗೆ ಮಾಡಿದ ದೊಡ್ಡ ಅವಮಾನ. ನನ್ನ ಗಾಡಿ ಬೀಗರ ದನದ ಕೊಟ್ಟಿಗೆಯಲ್ಲಿ ಉಳಿಯಿತು. ಹುಬ್ಬಳ್ಳಿಯ ಪಂಪು ನಾಲ್ಕು ದಿನ, ಇನ್ನು ನಾಲ್ಕು ದಿನ ಎನ್ನುತ್ತ ಎರಡು ತಿಂಗಳು ತೆಗೆದುಕೊಂಡಿತು.

ಅಷ್ಟರಲ್ಲಿ ಮಗಳಿಗೆ ಹೆರಿಗೆಯಾಯಿತು. ಎಸ್‌ಟಿಡಿ ಬೂತಿಗೆ ಓಡಿಹೋಗಿ ರಾಮದುರ್ಗಕ್ಕೆ ಫೋನು ಹಚ್ಚಿದೆ.

“ಬೀಗತ್ಯಾರ, ಹೆಣ್ಣು ಕೂಸು! ತಾಯಿ ಮಗಳು ಇಬ್ಬರೂ ಆರಾಮ ಅದಾರ!”

“ಲಕ್ಷ್ಮಿ ಬಂದ್ಲು ಬಿಡ್ರಿ!” ಎಂದಳು ಬೀಗತಿ. “ಇಲ್ಲೂ ಈಗಷ್ಟ ಆತ್ರಿ. ಮಿಸ್ತ್ರಿ ಬಂದು ಮುದಕಿ ಪಂಪ್ ಹೊರಗ ತಗದ, ಹೊಸಾದು ಹಾಕಿದ. ಗಾಡಿ ಆರಾಮ ಐತಿ. ಆದ್ರ ಬೀಗರ, ಬಾಣಂತನ ಮುಗೀಲಾರದ ನಾ ಅದನ್ನ ಕಳಸಂಗಿಲ್ಲ ನೋಡ್ರಿ!”