ಮಾದರಿ ವಾಹನದ ತಪಾಸಣೆ

ಹೆಂಗಸು ಕಾರಿನಡಿ ಮಲಗಿ ನಟ್ಟು ಬಿಗಿಯಬಹುದು, ಅದರ ಕಂಪ್ಯೂಟರಿಗೆ ಕೈಹಾಕುವುದು ಅವಳಿಂದ ಆಗದ ಮಾತು ಎಂದು ನಮ್ಮ ಭಾವ ಹೇಳಿದ್ದರು. ಅವರು ವಾಹನ ತಪಾಸಣಾ ಕಚೇರಿಯ ಅಧಿಕಾರಿಗಳಾದ್ದರಿಂದ ಆ ಮಾತಿಗೆ ಸರ್ಕಾರಿ ತೂಕವಿತ್ತು. ನಾನು ಪುಸ್ತಕ ತಂದು ಓದಿ ಕಲಿತೆ, ಗ್ಯಾರೇಜು ತೆರೆದೆ.

ಕಾರು ಹೊರಟ ಕೂಡಲೇ ಬಾಗಿಲುಗಳು ತಾವೇ ಲಾಕ್ ಆಗುವ ಹಾಗೆ ಮಾಡಿಕೊಡಿ ಅಕ್ಕಾ ಎಂದು ಒಬ್ಬ ಟ್ಯಾಕ್ಸಿ ಡ್ರೈವರ್ ಬಂದ. ಲ್ಯಾಪ್‌ಟಾಪ್ ಜೋಡಿಸಿ, ಬಾಗಿಲುಗಳನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರಿನ, ಅಂದರೆ ಮಾಡ್ಯೂಲಿನ, ಕೋಡಿಂಗ್ ಬದಲಿಸಿದೆ. ಇಂಥ ಬದಲಾವಣೆಯನ್ನು ಕಚೇರಿಯ ಸಾಫ್ಟ್‌ವೇರ್ ಒಪ್ಪುವವರೆಗೆ ಕಾರು ರಸ್ತೆಗಿಳಿಯುವಂತಿಲ್ಲ. ಒಪ್ಪದಿದ್ದರೆ ನನ್ನ ಪರವಾನಗಿ ರದ್ದು.

ಭಾವ ತಪಾಸಣೆ ಮಾಡಿದರು. ಕೋಡಿಂಗ್ ಸರಿಯಾಗಿತ್ತು. ನೋಡಿದ್ದಾಯಿತು ಎಂಬ ಗುರುತನ್ನು ಪದ್ಧತಿಯಂತೆ ಅದೇ ಮಾಡ್ಯೂಲಿನಲ್ಲಿ ಬರೆದರು. ಮಂಜೂರು ಮಾಡುವ ಮುನ್ನ ಮತ್ತೊಮ್ಮೆ ನೋಡಿದರು. "ಅನಧಿಕೃತ ಬದಲಾವಣೆ ಕಂಡುಬಂದಿದೆ" ಎಂದಿತು ಸಾಫ್ಟ್‌ವೇರ್.

"ಅದು ನೀವೇ ಹಾಕಿದ ಗುರುತು, ಭಾವ."

"ಕಚೇರೀಲಿ ಸಾರ್ ಅನ್ನು. ಕಾರು ಯಾರದು?"

"ನಂದು ಸಾರ್," ಎಂದ ಡ್ರೈವರ್.

"ಹಾಗಾದ್ರೆ ಬದಲಾವಣೇನೂ ನಿಂದೇ."

ಭಾವ ಆ ಗುರುತನ್ನು ಅಳಿಸಿದರು. ಅಳಿಸಿದ್ದಕ್ಕೂ ಒಂದು ಗುರುತು ಬರೆದರು. ಸಾಫ್ಟ್‌ವೇರ್ ಮತ್ತೆ ಅದೇ ಮಾತು ಹೇಳಿತು.

"ಈ ಗುರುತು ಹಾಕೋದನ್ನೇ ಬಿಟ್ಟುಬಿಡಿ ಸಾರ್," ಎಂದೆ.

"ಗುರುತು ಹಾಕದೆ ನೋಡಿದ್ರೆ ಕದ್ದು ನೋಡಿದ ಹಾಗಲ್ವೇನಮ್ಮ?"

"ನನ್ನ ಹೊಟ್ಟೆಪಾಡು ಸಾರ್..." ಎಂದ ಡ್ರೈವರ್.

"ಅದನ್ನ ಈ ಸಾಫ್ಟ್‌ವೇರ್ ತೋರಿಸಲ್ಲಪ್ಪ."

ನನಗೂ ಹಟ ಬಂತು. ಕಚೇರಿಯ ಜೀಪನ್ನೇ ಒಮ್ಮೆ ನೋಡಿ ಎಂದೆ. ನೋಡಿದರು. ಒಂದು ಬದಲಾವಣೆಯೂ ಇರಲಿಲ್ಲ. ಜೀಪನ್ನು ಇದುವರೆಗೆ ಯಾರೂ ತಪಾಸಣೆ ಮಾಡಿಲ್ಲವೆಂದು ಅದರಿಂದ ಸ್ಪಷ್ಟವಾಯಿತು.

ಮರುದಿನ ಪ್ರಕಟಣೆ ಹೊರಬಿತ್ತು: "ಬದಲಾವಣೆ ಕಂಡುಬರದ ವಾಹನಗಳು ತಪಾಸಣೆಯಿಂದ ತಪ್ಪಿಸಿಕೊಂಡವೆಂದು ಪರಿಗಣಿಸಲಾಗುವುದು. ಹೋಲಿಕೆಯ ಸಲುವಾಗಿ ಸದರಿ ಟ್ಯಾಕ್ಸಿಯನ್ನು ಮಾದರಿ ವಾಹನವೆಂದು ಘೋಷಿಸಿ ಕಚೇರಿಯ ಅಂಗಳದಲ್ಲಿ ಕಾಯಂ ಆಗಿ ಇರಿಸಿಕೊಳ್ಳಲಾಗಿದೆ." ಉಳಿದ ವಾಹನಗಳಿಗೆ ಗುರುತು ಬರೆಯುವ ಕೆಲಸ, ಅನುಭವವಿದೆಯೆಂಬ ಕಾರಣಕ್ಕೆ, ನನಗೆ ಬಂತು.

ಜನ ತಕರಾರಿಲ್ಲದೆ ಸಾಲುಗಟ್ಟಿದರು. "ನಮ್ಮ ಕಾರಿಗೂ ಒಂದು ಅನಧಿಕೃತ ಬರೆದುಕೊಡಿ ಅಕ್ಕಾ, ಪಕ್ಕದ ಮನೆಯವರದಕ್ಕೆ ಎರಡಿವೆಯಂತೆ" ಎನ್ನುತ್ತಾರೆ. ಡ್ರೈವರ್ ಆಗಾಗ ಅಂಗಳಕ್ಕೆ ಹೋಗಿ ತನ್ನ ಟ್ಯಾಕ್ಸಿಯ ಗಾಜು ಒರೆಸಿ ಬರುತ್ತಾನೆ. ಭಾವ ಬೇಡವೆನ್ನುವುದಿಲ್ಲ.

ಈಗ ಗ್ಯಾರೇಜು ನನ್ನದು, ಪರವಾನಗಿ ನನ್ನದು, ಬಾಗಿಲ ಮೇಲಿನ "ಅಧಿಕೃತ" ಎಂಬ ಬೋರ್ಡೂ ನನ್ನದು. ದುಡಿದು ಕೊಂಡಿದ್ದ ನನ್ನ ಕಾರನ್ನು ಮಾತ್ರ ಆ ಡ್ರೈವರಿಗೆ ಕೊಟ್ಟೆ. ಕೆಲಸಕ್ಕೆ ನಡೆದು ಬರುತ್ತೇನೆ.