ಒಂಬತ್ತು ಕೊನೆಗಳ ಭಾಷಣ

ಮುಳ್ಳು ಮೇಸ್ತ್ರಿ ಬೆಳಿಗ್ಗೆ ಎರಡನೇ ತುತ್ತು ಬಾಯಿಗಿಡುವಷ್ಟರಲ್ಲಿ ಕಾರ್ಖಾನೆಯಿಂದ ಫೋನು ಬಂತು. ಮಧ್ಯಾಹ್ನ ಮೂರಕ್ಕೆ ಮುಖ್ಯ ಕಚೇರಿಯ ದೊಡ್ಡ ಸಾಹೇಬರು ಬರುತ್ತಾರೆ, ಪ್ರತಿ ವಿಭಾಗದ ಮುಖ್ಯಸ್ಥರೂ ಐದು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಬೇಕು, ಕೇಳಿ ಮುಗಿಸಿ ಸಾಹೇಬರು ಒಂದು ವಿಭಾಗಕ್ಕೆ ಬೀಗ ಹಾಕಿಸುತ್ತಾರೆ ಎಂದು ಮ್ಯಾನೇಜರು ಒಂದೇ ಉಸಿರಿಗೆ ಹೇಳಿ ಫೋನಿಟ್ಟರು. ಮೇಸ್ತ್ರಿ ಆ ತುತ್ತನ್ನು ತಟ್ಟೆಗೇ ವಾಪಸು ಇಟ್ಟ.

ಅದು ತಕ್ಕಡಿ ಮಾಡುವ ಕಾರ್ಖಾನೆ. ಹೊಸ ತಕ್ಕಡಿಗಳಿಗೆಲ್ಲ ದೀಪದ ಅಂಕಿಗಳು ಬಂದ ಮೇಲೆ ಮುಳ್ಳಿನ ತಕ್ಕಡಿ ರಿಪೇರಿ ಮಾಡುವ ವಿಭಾಗದಲ್ಲಿ ಉಳಿದಿದ್ದವರು ಮೂರೇ ಜನ. ಕಣ್ಣು ಮಂಜಾದ ಬೆಸುಗೆಯ ಹಿರಿಯರು, ಬಣ್ಣ ಬಳಿಯುವ ಅಕ್ಕ, ಮತ್ತು ನಮ್ಮ ಮೇಸ್ತ್ರಿ. ಮುಳ್ಳು ಸೊನ್ನೆಯಿಂದ ಕೂದಲೆಳೆಯಷ್ಟು ವಾಲಿದ್ದರೂ ದೂರದಿಂದಲೇ ಕಂಡುಹಿಡಿಯುತ್ತಿದ್ದುದರಿಂದ ಅವನಿಗೆ ಆ ಹೆಸರು ಅಂಟಿಕೊಂಡಿತ್ತು. ಬೀಗ ಬೀಳುವುದಾದರೆ ಯಾವ ಬಾಗಿಲಿಗೆ ಅಂತ ಕಾರ್ಖಾನೆಯ ಬೆಕ್ಕಿಗೂ ಗೊತ್ತಿತ್ತು.

ಕೆಲಸ ಕೊಟ್ಟರೆ ಮೇಸ್ತ್ರಿ ಎತ್ತಿದ ಕೈ, ಇಂಗ್ಲಿಷ್ ಕೊಟ್ಟರೆ ಕೈ ಎತ್ತಿಬಿಡುತ್ತಿದ್ದ. ಹೆಂಡತಿ ತಡಮಾಡದೆ ಪಕ್ಕದ ಮನೆಯ ನಿವೃತ್ತ ಮೇಷ್ಟ್ರನ್ನು ಕರೆತಂದಳು. ಬೀದಿಗೆಲ್ಲ ಇಂಗ್ಲಿಷ್ ಪಂಡಿತರೆಂದರೆ ಅವರೇ. ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತು, ಗಂಟಲು ಸರಿಮಾಡಿಕೊಂಡರು.

"ನೋಡಪ್ಪ, ಭಾಷಣದ ಜೀವ ಇರೋದೇ ಮುಗಿಸೋದ್ರಲ್ಲಿ. ಶುರು ಯಾರೂ ಕೇಳಲ್ಲ, ಮಧ್ಯ ಯಾರಿಗೂ ನೆನಪಿರಲ್ಲ. ಕೊನೆ ಗಟ್ಟಿ ಆದ್ರೆ ಗೆದ್ದೆ ಅಂತ ತಿಳ್ಕೊ."

ಹೀಗೆ ಶುರುವಾದದ್ದು ಒಂದು ಗಂಟೆಯಾದರೂ ಕೊನೆ ಬಿಟ್ಟು ಹಿಂದಕ್ಕೆ ಬರಲಿಲ್ಲ. ಇನ್ ಕನ್‌ಕ್ಲೂಷನ್ ಎಂದರೆ ಗಾಂಭೀರ್ಯ, ಟು ಸಮ್ ಅಪ್ ಎಂದರೆ ಜಾಣತನ, ಇನ್ ಎ ನಟ್‌ಶೆಲ್ ಎಂದರೆ ಇಡೀ ಸಂಗತಿಯನ್ನು ಅಂಗೈಲಿಟ್ಟು ಕೊಟ್ಟಹಾಗೆ ಎಂದು ಮೇಷ್ಟ್ರು ಒಂದೊಂದನ್ನೂ ಹೊಗಳಿ ಹೊಗಳಿ ಬರೆಸಿದರು. ಒಟ್ಟು ಒಂಬತ್ತು. ಮಧ್ಯದ ವಿಷಯಕ್ಕೆ ಏನು ಮಾಡಲಿ ಎಂದು ಮೇಸ್ತ್ರಿ ಕೇಳಿದ್ದಕ್ಕೆ, ಅದು ನಿನ್ನ ಕಸುಬು, ನಿನಗೇ ಗೊತ್ತಿರಬೇಕು ಎಂದು ಎದ್ದರು. ಮೇಸ್ತ್ರಿ ಚೀಟಿಯನ್ನು ಅಂಗಿಯ ಜೇಬಿಗಿಟ್ಟುಕೊಂಡು, ದಾರಿಯುದ್ದಕ್ಕೂ ತುಟಿ ಅಲುಗಾಡಿಸುತ್ತ ಕಾರ್ಖಾನೆ ಸೇರಿದ.

ಮಧ್ಯದ ಭಾಗ ಸ್ಟೋರ್‌ಕೀಪರನಿಂದ ಸಿಕ್ಕಿತು. ಆತ ಇವನಿಗೆ ಹಳೇ ಸ್ನೇಹಿತ. ಒಂದು ಹಾಳೆಯ ಎರಡೂ ಬದಿ ತುಂಬ ಇಂಗ್ಲಿಷಿನಲ್ಲಿ ರಿಪೇರಿ ವಿಭಾಗದ ಹಿರಿಮೆ ಬರೆದು, ಅದರ ಕೆಳಗೆ ಕನ್ನಡ ಅಕ್ಷರದಲ್ಲಿ ಉಚ್ಚಾರಣೆಯನ್ನೂ ಬರೆದುಕೊಟ್ಟ. ಮೇಸ್ತ್ರಿಗೆ ಅರ್ಧ ಜೀವ ಬಂತು. ಬಣ್ಣದ ಅಕ್ಕ ತನ್ನ ಮಗಳ ಮದುವೆ ಗೊತ್ತಾಗಿರುವುದನ್ನು ನೆನಪಿಸಿದಳು. ಬೆಸುಗೆಯ ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರಷ್ಟೆ. ಅದು ಇನ್ನೂ ಕಷ್ಟವಾಯಿತು.

ಎರಡೂವರೆಗೆ ಒಂದು ತಕ್ಕಡಿ ಅರ್ಜೆಂಟಾಗಿ ಹೊರಡಬೇಕಿತ್ತು. ಅಂಗಡಿಯವನ ವ್ಯಾನು ಬಾಗಿಲಲ್ಲಿ ನಿಂತು ಹಾರನ್ ಹೊಡೆಯುತ್ತಿತ್ತು. ತಟ್ಟೆ ಗಡಗಡ ಅನ್ನುತ್ತಿತ್ತು. ಇಂಥ ಹೊತ್ತಿನಲ್ಲಿ ಮುಳ್ಳಿನ ತಕ್ಕಡಿಯವರು ಮಾಡುವುದು ಒಂದೇ. ಕಾಗದ ಮಡಚಿ ತಟ್ಟೆಯ ಅಡಿಗೆ ಕೊಟ್ಟು ಸ್ಕ್ರೂ ಬಿಗಿಯುವುದು. ಮೇಸ್ತ್ರಿ ಬಾಯಲ್ಲಿ ಲಾಸ್ಟ್ ಬಟ್ ನಾಟ್ ಲೀಸ್ಟ್ ಅನ್ನುತ್ತ, ಕೈಗೆ ಸಿಕ್ಕಿದ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕೊಟ್ಟ, ಬಿಗಿದ, ನೋಡಿದ. ಮುಳ್ಳು ಸೊನ್ನೆಗೆ ಬಂದು ಅಲುಗಾಡದೆ ನಿಂತಿತು. ವ್ಯಾನು ಹೊರಟುಹೋಯಿತು.

ಅರ್ಧ ಗಂಟೆಯ ಮೇಲೆ ಮೀಟಿಂಗ್ ಕೋಣೆಯಲ್ಲಿ ಜೇಬು ಮುಟ್ಟಿ ನೋಡಿಕೊಂಡಾಗ ಅವನ ಕೈಗೆ ಒಂದೇ ಚೀಟಿ ಸಿಕ್ಕಿತು. ಒಂಬತ್ತು ಕೊನೆಗಳು. ಭಾಷಣದ ಮಧ್ಯಭಾಗ ಊರಾಚೆಯ ಯಾವುದೋ ಅಂಗಡಿಯ ತಕ್ಕಡಿಯ ಹೊಟ್ಟೆಯಲ್ಲಿತ್ತು.

ಗೋಡೆಯ ಮೇಲೆ ದೊಡ್ಡ ಬೋರ್ಡು. ಈ ಕೋಣೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡುವಂತಿಲ್ಲ. ಅದರ ಕೆಳಗೆ ದೊಡ್ಡ ಸಾಹೇಬರು, ಕಲ್ಲಿನಲ್ಲಿ ಕಡೆದ ಹಾಗೆ. ಸಾಹೇಬರು ಮೀಟಿಂಗಿನಲ್ಲಿ ತುಟಿ ಪಿಟಕ್ಕೆನ್ನುವುದಿಲ್ಲ, ಒಂದು ತಪ್ಪು ಶಬ್ದವನ್ನೂ ಕ್ಷಮಿಸುವುದಿಲ್ಲ ಅಂತ ಪ್ರತೀತಿ. ಅಚ್ಚು ವಿಭಾಗದವನು ಇಪ್ಪತ್ತು ನಿಮಿಷ ಕೊರೆದ. ಮಾರಾಟದವನು ಅದಕ್ಕೂ ಹೆಚ್ಚು. ಸಾಹೇಬರ ರೆಪ್ಪೆ ಮುಚ್ಚುವುದು, ಯಾರಾದರೂ ಇನ್ ಕನ್‌ಕ್ಲೂಷನ್ ಅಂದ ಕೂಡಲೇ ತೆರೆಯುವುದು, ಹೀಗೇ ನಡೆದಿತ್ತು. ಆಮೇಲೆ ಮ್ಯಾನೇಜರು ರಿಪೇರಿ ವಿಭಾಗ ಎಂದು ಕೂಗಿದರು.

ಮೇಸ್ತ್ರಿ ಎದ್ದ. ಬಾಗಿಲ ಸಂದಿಯಲ್ಲಿ ಬಣ್ಣದ ಅಕ್ಕನ ಮುಖ ಕಂಡಿತು. ಸುಮ್ಮನೆ ಕೂತರೆ ಮೂರು ಮನೆ ಕೆಡುತ್ತವೆ, ಬಾಯಿ ಬಿಟ್ಟರೆ ತನ್ನ ಮಾನ ಹೋಗುತ್ತದೆ. ಮಾನ ಹೋದರೆ ಹೋಗಲಿ ಎಂದು ಚೀಟಿ ಬಿಡಿಸಿದ.

"ಇನ್ ಕನ್‌ಕ್ಲೂಷನ್," ಅಂದ. "ರಿಪೇರಿ."

ಸಾಹೇಬರ ಕಣ್ಣು ತೆರೆಯಿತು.

"ಟು ಸಮ್ ಅಪ್, ಗುಡ್ ರಿಪೇರಿ. ಇನ್ ಎ ನಟ್‌ಶೆಲ್, ಓಲ್ಡ್ ತಕ್ಕಡಿ, ನ್ಯೂ ತಕ್ಕಡಿ."

ಸಾಹೇಬರು ಮುಂದಕ್ಕೆ ಬಾಗಿದರು. ಮ್ಯಾನೇಜರು ಹಣೆ ಹಿಡಿದುಕೊಂಡರು. ಯಾರೋ ಕೆಮ್ಮಿನಲ್ಲಿ ನಗು ನುಂಗಿದರು. ಮೇಸ್ತ್ರಿ ನಿಲ್ಲಿಸಲಿಲ್ಲ. ಆಲ್ ಇನ್ ಆಲ್ ಆಯಿತು, ಟು ಕಟ್ ಎ ಲಾಂಗ್ ಸ್ಟೋರಿ ಶಾರ್ಟ್ ಆಯಿತು, ಅಟ್ ದ ಎಂಡ್ ಆಫ್ ದ ಡೇ ಆಯಿತು, ಫೈನಲಿ ಆಯಿತು.

"ಲಾಸ್ಟ್ ಬಟ್ ನಾಟ್ ಲೀಸ್ಟ್," ಎನ್ನುತ್ತ ಅವನು ಬಾಗಿಲ ಸಂದಿಯತ್ತ ನೋಡಿದ. "ತ್ರೀ ಪೀಪಲ್. ದಟ್ಸ್ ಆಲ್."

ಒಂದು ನಿಮಿಷವೂ ಆಗಿರಲಿಲ್ಲ. ಸಾಹೇಬರು ಎದ್ದು, ಮೇಸ್ತ್ರಿಯತ್ತ ಬೆರಳು ತೋರಿ, ಒಳಕೋಣೆಯತ್ತ ನಡೆದರು. ಹಿಂದೆ ಹೋಗುತ್ತಿದ್ದವನ ಭುಜವನ್ನು ಸ್ಟೋರ್‌ಕೀಪರ್ ಸಾವಿನ ಮನೆಯಲ್ಲಿ ತಟ್ಟುವಂತೆ ತಟ್ಟಿದ.

ಸಾಹೇಬರು ಬಾಗಿಲು ಹಾಕಿದರು. ಚಿಲಕವನ್ನೂ ಹಾಕಿದರು. ಆಮೇಲೆ ಮೇಸ್ತ್ರಿಯ ಎರಡೂ ಕೈ ಹಿಡಿದುಕೊಂಡು ಅಚ್ಚ ಕನ್ನಡದಲ್ಲಿ ಪಿಸುಗುಟ್ಟಿದರು.

"ಮೂವತ್ತು ವರ್ಷದಲ್ಲಿ ನನಗೆ ಪೂರ್ತಿ ಅರ್ಥ ಆದ ಭಾಷಣ ಇದೊಂದೇ ಕಣ್ರಿ."

ಸಾಹೇಬರು ಎಲ್ಲ ಹೇಳಿಕೊಂಡರು. ಇಂಗ್ಲಿಷ್ ಅವರಿಗೂ ಅಷ್ಟಕ್ಕಷ್ಟೆ. ಆ ಬೋರ್ಡು ಹಿಂದಿನ ಸಾಹೇಬರು ಹಾಕಿದ್ದು, ತೆಗೆಸಿದರೆ ಗುಟ್ಟು ರಟ್ಟಾಗುತ್ತದೆ. ಭಾಷಣ ಮುಗಿಯುವ ಸೂಚನೆಯ ಮಾತುಗಳನ್ನು ಮಾತ್ರ ಕಲಿತುಕೊಂಡು, ಅವು ಕಿವಿಗೆ ಬಿದ್ದಾಗ ಎಚ್ಚೆತ್ತು ತಲೆಯಾಡಿಸಿ ಇಷ್ಟು ವರ್ಷ ದೂಡಿದ್ದರು.

"ಹಾಗಾದ್ರೆ ನಮ್ಮ ವಿಭಾಗ ಉಳೀತಾ ಸಾರ್?" ಎಂದು ಮೇಸ್ತ್ರಿ ಕೇಳಿದ. ಅವನ ಕಣ್ಣು ತುಂಬಿ ಬಂದಿತ್ತು.

"ನನ್ನ ಕೈಲಿದ್ರೆ ಈಗಲೇ ಉಳಿಸ್ತಿದ್ದೆ. ಕೊನೇ ತೀರ್ಮಾನ ಮಾಲೀಕರದ್ದು. ಶುಕ್ರವಾರ ಅವರ ಮುಂದೆ ರಿಪೇರಿ ವಿಭಾಗ ಯಾಕೆ ಬೇಕು ಅಂತ ಅರ್ಧ ಗಂಟೆ ಇಂಗ್ಲಿಷಲ್ಲಿ ಮಾತಾಡಬೇಕು. ನನ್ನ ಬದಲು ನೀವೇ ಮಾತಾಡ್ತೀರಿ. ಕೊನೇದು ಇಬ್ಬರಿಗೂ ಗೊತ್ತು. ಶುರು ಮಾಡೋದು ಹೇಗೆ ಅಂತ ಮಾತ್ರ ನೋಡ್ಕೊಳ್ಳಿ."

ಬೆಳಿಗ್ಗೆ ಐದು ನಿಮಿಷಕ್ಕೆ ನಡುಗಿದ್ದವನಿಗೆ ಈಗ ಅರ್ಧ ಗಂಟೆ. ಮೇಸ್ತ್ರಿ ನೆಟ್ಟಗೆ ಮೇಷ್ಟ್ರ ಮನೆಗೆ ಬಂದು, ಭಾಷಣ ಶುರು ಮಾಡುವ ಮಾತುಗಳನ್ನು ಬರೆಸಿಕೊಡಿ ಎಂದು ಚೀಟಿಯ ಖಾಲಿ ಬದಿ ಚಾಚಿದ. ಮೇಷ್ಟ್ರು ಪೆನ್ನು ತೆಗೆದುಕೊಂಡರು, ಮುಚ್ಚಳ ತೆಗೆದರು, ಮತ್ತೆ ಹಾಕಿದರು.

"ನಿಜ ಹೇಳ್ತೀನಿ, ಯಾರಿಗೂ ಹೇಳಬೇಡ," ಅಂದರು. "ಮೂವತ್ತು ವರ್ಷ ಶಾಲೆಯಲ್ಲಿ ನನಗೆ ಕೊಟ್ಟಿದ್ದು ವಂದನಾರ್ಪಣೆ ಮಾತ್ರ ಕಣಪ್ಪ."